‘ನಮ್ಮ ಸ್ಟೇಷನ್‌ಗೆ ಇಂಟರ್‌ನೆಟ್ಟೇ ಇಲ್ಲ’ ಎನ್ನುವ ಮುನ್ನ

ಶಿರಾ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: “ನಮ್ಮೂರ 66/11 ಕೆ.ವಿ. ವಿದ್ಯುತ್ ಸ್ಟೇಷನ್‌ಗೆ ಇಂಟರ್‌ನೆಟ್ಟೇ ಇಲ್ಲ. ಹ್ಯಾಕರ್ ಎಲ್ಲಿಂದ ಬರುತ್ತಾನೆ? ಸೈಬರ್ ಭದ್ರತೆಗೆ ಹಾಕುವ ದುಡ್ಡಲ್ಲಿ ಹಳೇ ತಂತಿ ಬದಲಿಸಬಾರದೇ?”

ತಂತಿ ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಟರ್‌ನೆಟ್ ಇಲ್ಲ ಎಂಬುದನ್ನು ಬಾಯಿಮಾತಿನಲ್ಲಿ ಒಪ್ಪಲಾಗದು. ಪ್ಯಾನೆಲ್ ಹಿಂದೆ ನಿಂತು ಒಂದೊಂದೇ ಕೇಬಲ್ ಹಿಡಿದು, ಅದು ಎಲ್ಲಿಗೆ ಹೋಗುತ್ತದೆಂದು ನೋಡಬೇಕು. ಸ್ಟೇಷನ್ ಮಾಹಿತಿಯನ್ನು ಕಂಟ್ರೋಲ್ ಸೆಂಟರ್‌ಗೆ ಕಳಿಸಿ, ಅಲ್ಲಿನ ಆದೇಶ ಪಡೆಯುವ ಆರ್‌ಟಿಯು ಪೆಟ್ಟಿಗೆ ಪಕ್ಕದಲ್ಲಿ ಸಿಮ್ ಹಾಕಿದ ಮಾಡೆಮ್ ಇದೆಯೇ? ಅದಕ್ಕೆ ಪಬ್ಲಿಕ್ ಐಪಿ (ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ತಲುಪಬಹುದಾದ ವಿಳಾಸ) ಕೊಟ್ಟಿದ್ದರೆ ಸ್ಟೇಷನ್ ಬಾಗಿಲು ತೆರೆದೇ ಇದೆ. ಇಂಥ ಕಡೆ ಬಳಕೆಯಲ್ಲಿರುವ ಐಇಸಿ 60870-5-104 ಪ್ರೋಟೋಕಾಲ್ (ಸಾಧನಗಳು ಮಾತಾಡಿಕೊಳ್ಳುವ ನಿಯಮ) 2404ನೇ ಪೋರ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಮೂಲ ರೂಪದಲ್ಲಿ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯೇ ಇಲ್ಲ. ಸರಿಯಾದ ಆದೇಶ ಯಾರಿಂದ ಬಂದರೂ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ಟ್ರಿಪ್ ಆಗಿ ಕರೆಂಟ್ ಹೋಗಬಹುದು. ಹಾಗಾಗಿ ಖಾಸಗಿ ಎಪಿಎನ್ ಸಿಮ್ (ಇಂಟರ್‌ನೆಟ್‌ಗೆ ತೆರೆಯದೆ ಕಂಪನಿಯ ಜಾಲಕ್ಕಷ್ಟೇ ಸೇರುವ ಸಿಮ್) ಬೇಕು. ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ಕಂಟ್ರೋಲ್ ಸೆಂಟರ್‌ನ ಐಪಿಗಷ್ಟೇ ಬಿಡಬೇಕು.

ಮಾಡೆಮ್ ಇಲ್ಲವೆನ್ನೋಣ. ರಿಲೇ (ದೋಷ ಕಂಡರೆ ಬ್ರೇಕರ್ ತೆರೆಸುವ ಸಾಧನ) ಸೆಟ್ಟಿಂಗ್‌ಗೆ ಬರುವವರ ಲ್ಯಾಪ್‌ಟಾಪ್ ಹಿಂದಿನ ರಾತ್ರಿ ಲಾಡ್ಜ್‌ನ ವೈಫೈನಲ್ಲಿದ್ದು ವೈರಸ್ ಹೊತ್ತು ಬಂದಿರಬಹುದು. ಆ ಕೆಲಸಕ್ಕೆಂದೇ ಸ್ಟೇಷನ್‌ನಲ್ಲಿ ಬೇರೆ ಲ್ಯಾಪ್‌ಟಾಪ್ ಇಡಿ, ರಿಲೇ ಜೊತೆ ಬಂದ ಡೀಫಾಲ್ಟ್ ಪಾಸ್‌ವರ್ಡ್ ಅಂದೇ ಬದಲಿಸಿ.

ಆಂಟಿವೈರಸ್ ಇದ್ದರೆ ಸಾಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ದಾಳಿಕೋರರು ತಿಂಗಳುಗಳ ಮೊದಲೇ ಇಮೇಲ್ ಮೂಲಕ ಕಚೇರಿಯ ಕಂಪ್ಯೂಟರ್‌ಗಳಿಗೆ ನುಗ್ಗಿ, ಸಿಬ್ಬಂದಿಯ ಪಾಸ್‌ವರ್ಡ್ ಕದ್ದಿದ್ದರು. ಕೊನೆಗೆ ಬ್ರೇಕರ್ ತೆರೆದದ್ದು ಆಪರೇಟರ್‌ಗಳ ಸಾಫ್ಟ್‌ವೇರ್‌ನಿಂದಲೇ. ಅಸಲಿ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವನನ್ನು ಆಂಟಿವೈರಸ್ ತಡೆಯುವುದಿಲ್ಲ. ರಿಮೋಟ್ ಲಾಗಿನ್‌ಗೆ ಒಟಿಪಿಯಂಥ ಎರಡನೇ ದೃಢೀಕರಣವಿದ್ದರೆ ಕದ್ದ ಪಾಸ್‌ವರ್ಡ್ ಒಂದರಿಂದಲೇ ಒಳಬರಲಾಗದು. ಉಕ್ರೇನ್‌ನಲ್ಲಿ ದಾಳಿಕೋರರು ಸ್ಟೇಷನ್‌ಗಳ ಸಂಪರ್ಕ ಸಾಧನಗಳ ಫರ್ಮ್‌ವೇರನ್ನೂ (ಸಾಧನದೊಳಗಿನ ಮೂಲ ಸಾಫ್ಟ್‌ವೇರ್) ಕೆಡಿಸಿದ್ದರಿಂದ ಸಿಬ್ಬಂದಿ ಸ್ಟೇಷನ್‌ಗಳಿಗೇ ಓಡಿ ಕೈಯಿಂದ ಬ್ರೇಕರ್ ಹಾಕಬೇಕಾಯಿತು. ಕೈಯಿಂದ ನಡೆಸುವ ಅಭ್ಯಾಸ ತಪ್ಪಿದ ಸ್ಟೇಷನ್‌ಗೆ ಆ ದಾರಿಯೂ ಇರುವುದಿಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಲೈನ್‌ಮನ್ ಜೀವ. ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಕೊಟ್ಟಾಗ ಪರದೆ ಮೇಲಿನ ‘ಕೆಲಸ ನಡೆಯುತ್ತಿದೆ’ ಎಂಬ ಟ್ಯಾಗ್ ನಂಬಿ ಯಾರನ್ನೂ ಕಂಬ ಹತ್ತಿಸಬೇಡಿ. ಪ್ಯಾನೆಲ್‌ನ ಲೋಕಲ್-ರಿಮೋಟ್ ಸ್ವಿಚ್, ದೂರದ ಆದೇಶ ನಡೆಯದ ‘ಲೋಕಲ್’ಗೆ ತಿರುಗಿರಬೇಕು, ಬ್ರೇಕರ್ ಕೂತಿರುವ ಟ್ರಾಲಿ ಹೊರಗೆಳೆದಿರಬೇಕು, ಲೈನ್ ಸತ್ತಿದೆಯೆಂದು ಪರೀಕ್ಷಿಸಿ ಅರ್ತ್ ಮಾಡಿರಬೇಕು. ಕೈಯಿಂದ ಹೊರಗೆಳೆದ ಟ್ರಾಲಿಯನ್ನು ಯಾವ ಹ್ಯಾಕರ್ ಕೂಡ ಒಳತಳ್ಳಲಾರ.

ಪರದೆಯಲ್ಲಿ ಮೌಸ್ ತಾನಾಗಿ ಓಡಾಡಿದರೆ ಮೊದಲು ಸ್ವಿಚ್ ಲೋಕಲ್‌ಗೆ ಹಾಕಿ, ವಿದ್ಯುತ್ ಹರಿವು ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಫೋನ್ ಮಾಡಿ, ಆಮೇಲೆ ನೆಟ್‌ವರ್ಕ್ ಕೇಬಲ್ ಕಳಚಿ. ಕಂಪ್ಯೂಟರ್ ಆಫ್ ಮಾಡಬೇಡಿ, ಮೆಮೊರಿಯಲ್ಲಿದ್ದ ಸುಳಿವು ಅಳಿಸಿಹೋಗುತ್ತದೆ. 2022ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ, ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಹೋಗಬೇಕು.