ಸ್ಪ್ಯಾಮ್, ಮೋಸದ ಮೇಲ್‌ಗಳೆಲ್ಲ ಕೆಲವೇ ದೇಶಗಳಿಂದ ಬರುತ್ತವಲ್ಲ, ಅಲ್ಲಿನವರ ಸಂಸ್ಕೃತಿಯೇ ಹಾಗಾ?

ನೈಜೀರಿಯಾ, ರಷ್ಯಾ ಅಂತ ಹೆಸರು ಹಿಡಿದೇ ಕೇಳಿದ್ದೀರಿ. ಅಲ್ಲಿನವರಿಗೆ ಟೋಪಿ ಹಾಕುವುದು ತಪ್ಪು ಅಂತಲೇ ಅನ್ನಿಸುವುದಿಲ್ಲವಾ, ಆ ದೇಶಗಳ ಮೇಲನ್ನೆಲ್ಲ ಬ್ಲಾಕ್ ಮಾಡಿದರೆ ಪೀಡೆ ತೊಲಗುತ್ತದಲ್ವಾ ಅಂತ. ನಾನು ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸದವನು, ಈ ಕಸದ ಜೊತೆ ದಿನಾ ಒಡನಾಟ. ನನ್ನ ಪ್ರಕಾರ ಸಂಸ್ಕೃತಿ ಮೋಸವನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಮೋಸಕ್ಕೆ ವೇಷ ಒದಗಿಸುತ್ತದೆ, ಆಮೇಲೆ ನೆಪ ಹೇಳಿಕೊಡುತ್ತದೆ.

ಮೊದಲು ಈ 'ಎಲ್ಲಿಂದ ಬಂತು' ಅನ್ನುವುದನ್ನೇ ನೋಡೋಣ. ಈಚೆಗೆ ನಮ್ಮ ಫಿಲ್ಟರ್‌ಗೆ ಸಿಕ್ಕಿಬಿದ್ದ ಒಂದು ಮೇಲ್ ಇತ್ತು. ಕಳಿಸಿದವರ ಜಾಗದಲ್ಲಿ ಒಂದು ಕೊರಿಯರ್ ಕಂಪನಿಯ ಹೆಸರು, ಒಳಗೆ 'ನಿಮ್ಮ ಪಾರ್ಸೆಲ್ ಬಾಕಿ ಇದೆ' ಅನ್ನುವ ಮಾಮೂಲಿ ಕಥೆ. ಅದರ ಹೆಡರ್, ಅಂದರೆ ಮೇಲ್ ಬಂದ ದಾರಿಯ ದಾಖಲೆ, ತೆರೆದರೆ 'ರಿಸೀವ್ಡ್' ಅಂತ ಶುರುವಾಗುವ ಐದಾರು ಸಾಲು. ದಾರಿಯಲ್ಲಿ ಸಿಗುವ ಪ್ರತಿ ಸರ್ವರ್ ತನ್ನದೊಂದು ಸಾಲನ್ನು ಮೇಲೆ ಸೇರಿಸುತ್ತಾ ಹೋಗುತ್ತದೆ, ಹಾಗಾಗಿ ಕೆಳಗಿನಿಂದ ಓದಬೇಕು. ಆದರೆ ಕೆಳಗಿನ ಸಾಲುಗಳನ್ನು ಕಳಿಸುವವನೇ ಸುಳ್ಳುಸುಳ್ಳಾಗಿ ಬರೆದಿಟ್ಟಿರಬಹುದು. ಕಣ್ಣು ಮುಚ್ಚಿ ನಂಬಬಹುದಾದದ್ದು ನಮ್ಮ ಸರ್ವರ್ ತಾನೇ ಬರೆದ ಸಾಲು ಮಾತ್ರ. ಅದರಲ್ಲಿದ್ದ ಐಪಿ ವಿಳಾಸ ಬ್ರೆಜಿಲ್‌ನ ಯಾವುದೋ ಮನೆಯ ಬ್ರಾಡ್‌ಬ್ಯಾಂಡಿನದು. ಮೇಲ್‌ನಲ್ಲಿದ್ದ ಲಿಂಕ್ ಹೋಗುತ್ತಿದ್ದದ್ದು ಜರ್ಮನಿಯ ಒಬ್ಬ ಹಲ್ಲಿನ ಡಾಕ್ಟರ ವೆಬ್‌ಸೈಟಿಗೆ. ವೆಬ್‌ಸೈಟ್ ನಡೆಸುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಹಳೇದು, ಅಪ್‌ಡೇಟ್ ಮಾಡಿರಲಿಲ್ಲ, ಯಾರೋ ಒಳಗೆ ನುಗ್ಗಿ ಒಂದು ಫೋಲ್ಡರ್‌ನಲ್ಲಿ ನಕಲಿ ಪುಟ ಇಟ್ಟು ಹೋಗಿದ್ದರು. ಉತ್ತರ ಹೋಗುವ ವಿಳಾಸ ಜಿಮೇಲ್‌ನದು.

ಈಗ ಹೇಳಿ, ಇದು ಯಾವ ದೇಶದ ಸ್ಪ್ಯಾಮ್? ಬ್ರೆಜಿಲ್‌ನ ಆ ಮನೆಯವರಿಗೆ ತಮ್ಮ ಕಂಪ್ಯೂಟರ್ ರಾತ್ರಿಯಿಡೀ ಮೇಲ್ ಉಗುಳುತ್ತಿದೆ ಅನ್ನುವ ಸುಳಿವೂ ಇದ್ದಿರಲಾರದು. ಇದನ್ನೆಲ್ಲ ಆಡಿಸಿದವನು ಎಲ್ಲಿ ಕೂತಿದ್ದ ಅಂತ ಹೆಡರ್ ಹೇಳುವುದೇ ಇಲ್ಲ.

ಪೇಪರ್‌ನಲ್ಲಿ ಬರುವ 'ಅತಿ ಹೆಚ್ಚು ಸ್ಪ್ಯಾಮ್ ಕಳಿಸುವ ದೇಶಗಳು' ಪಟ್ಟಿ ಎಣಿಸುವುದು ಬ್ರೆಜಿಲ್‌ನ ಆ ಕಂಪ್ಯೂಟರಿನಂಥ, ಮೇಲನ್ನು ಕೊನೆಗೆ ತಲುಪಿಸಿದ ಯಂತ್ರವನ್ನು. ಆಂಟಿವೈರಸ್ ಮಾಡುವ ಕ್ಯಾಸ್ಪರ್‌ಸ್ಕಿ ಕಂಪನಿಯ 2023ರ ಲೆಕ್ಕದಲ್ಲಿ ರಷ್ಯಾ ಮೊದಲು, ಶೇ 30ಕ್ಕಿಂತ ಸ್ವಲ್ಪ ಜಾಸ್ತಿ. ಸರಿ. ಆದರೆ 2000ರ ದಶಕದಲ್ಲಿ ಇಂಥ ಪಟ್ಟಿಗಳಲ್ಲಿ ಮತ್ತೆ ಮತ್ತೆ ಮೊದಲ ಸ್ಥಾನದಲ್ಲಿ ಕೂರುತ್ತಿದ್ದದ್ದು ಅಮೆರಿಕ. ಆಗ 'ಅಮೆರಿಕದವರ ಸಂಸ್ಕೃತಿಯೇ ಹೀಗೆ' ಅಂತ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. 2008ರ ನವೆಂಬರ್ 11ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಮೆಕೋಲೋ ಎಂಬ ಹೋಸ್ಟಿಂಗ್ (ಸರ್ವರ್‌ಗಳಿಗೆ ಜಾಗ ಬಾಡಿಗೆಗೆ ಕೊಡುವ) ಕಂಪನಿಯ ಇಂಟರ್‌ನೆಟ್ ಸಂಪರ್ಕವನ್ನು ಅದಕ್ಕೆ ಸಂಪರ್ಕ ಕೊಟ್ಟವರೇ ಕಿತ್ತುಹಾಕಿದರು. ಇಡೀ ಪ್ರಪಂಚದ ಸ್ಪ್ಯಾಮ್ ಒಂದೇ ಏಟಿಗೆ ಅರ್ಧಕ್ಕೋ ಅದಕ್ಕೂ ಕೆಳಗೋ ಕುಸಿಯಿತು. ಸೋಂಕು ತಗುಲಿದ ಲಕ್ಷಾಂತರ ಕಂಪ್ಯೂಟರ್‌ಗಳು ದೇಶ ದೇಶಗಳಲ್ಲಿದ್ದವು, ಅವಕ್ಕೆ ಅಪ್ಪಣೆ ಕೊಡುವ ಸರ್ವರ್‌ಗಳು ಆ ಒಂದು ಕಟ್ಟಡದಲ್ಲಿದ್ದವು. ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಷ್ಟೇ ಆಯಿತು ಅನ್ನಿ, ಅದು ಬೇರೆ ಮಾತು.

ಚೀನಾದ ಕಥೆಯೂ ಹಾಗೇ. ಒಂದು ಕಾಲಕ್ಕೆ ಸ್ಪ್ಯಾಮ್‌ನಲ್ಲಿರುವ ಲಿಂಕ್ ಅಂದರೆ ಡಾಟ್ ಸಿಎನ್ (ಚೀನಾದ ವೆಬ್ ವಿಳಾಸ) ಅನ್ನುವಂತಿತ್ತು, ಅಷ್ಟು ಅಗ್ಗ, ಅಷ್ಟು ಸಲೀಸು. 2009ರ ಡಿಸೆಂಬರ್‌ನಲ್ಲಿ ಅಲ್ಲಿ ಡೊಮೈನ್ (ವೆಬ್ ವಿಳಾಸದ ಹೆಸರು) ಬೇಕಾದವರು ಅರ್ಜಿ, ಗುರುತಿನ ದಾಖಲೆ, ವ್ಯಾಪಾರದ ಲೈಸೆನ್ಸ್ ಎಲ್ಲ ಕೊಡಬೇಕು ಅಂತ ನಿಯಮ ಬಂತು. ಸ್ಪ್ಯಾಮರ್‌ಗಳು ಗಂಟುಮೂಟೆ ಕಟ್ಟಿ ರಷ್ಯಾದ ಡಾಟ್ ಆರ್‌ಯು ಕಡೆ ಹೊರಟರು. ಒಂದು ದೇಶದ ಸಂಸ್ಕೃತಿ ಆ ಚಳಿಗಾಲದಲ್ಲಿ ಬದಲಾಗಿಬಿಡಲಿಲ್ಲ, ಅರ್ಜಿ ಫಾರಂ ಬದಲಾಯಿತು.

ಇನ್ನು ನೈಜೀರಿಯಾ. 'ನಾನು ಮಾಜಿ ಮಂತ್ರಿಯ ವಿಧವೆ, ಕೋಟಿಗಟ್ಟಲೆ ಡಾಲರ್ ಸಿಕ್ಕಿಹಾಕಿಕೊಂಡಿದೆ' ಅನ್ನುವ ಕಾಗದದ ಮೂಲ ಆಫ್ರಿಕಾವೇ ಅಲ್ಲ. 19ನೇ ಶತಮಾನದಲ್ಲಿ ಯುರೋಪಿನಲ್ಲಿ ಇದೇ ಆಟ ನಡೆಯುತ್ತಿತ್ತು: ಸ್ಪೇನ್‌ನ ಜೈಲಿನಲ್ಲಿ ಒಬ್ಬ ಶ್ರೀಮಂತ ಇದ್ದಾನೆ, ಬಿಡಿಸಲು ಸ್ವಲ್ಪ ಹಣ ಕಳಿಸಿ, ಹೂತಿಟ್ಟ ನಿಧಿಯಲ್ಲಿ ಪಾಲು ಕೊಡುತ್ತಾನೆ ಅಂತ. ನೈಜೀರಿಯಾಕ್ಕೆ ಇದು ಅಂಟಿದ್ದು 1980ರ ದಶಕದಲ್ಲಿ. ತೈಲದ ಬೆಲೆ ಬಿದ್ದುಹೋಯಿತು, 1986ರಲ್ಲಿ ಆರ್ಥಿಕ ಸುಧಾರಣೆ ಬಂದು ಅಲ್ಲಿನ ಕರೆನ್ಸಿ ನಾಯ್ರಾದ ಬೆಲೆ ಪಾತಾಳಕ್ಕಿಳಿಯಿತು. ಓದಿದ, ಇಂಗ್ಲಿಷ್ ಬಲ್ಲ ಹುಡುಗರ ಕೈಗೆ ಕೆಲಸ ಇಲ್ಲ. ಜೊತೆಗೆ ಮಿಲಿಟರಿ ಆಡಳಿತ, ಮೇಲಿನವರು ದೇಶವನ್ನೇ ದೋಚುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಮೊದಲು ಕಾಗದ, ಆಮೇಲೆ ಫ್ಯಾಕ್ಸ್, ಆಮೇಲೆ ಮೇಲ್.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. ಆ ಕಾಗದ ಕೆಲಸ ಮಾಡುವುದು ಓದುವವನ ತಲೆಯಲ್ಲಿ ಆಗಲೇ ಒಂದು ಪೂರ್ವಗ್ರಹ ಇರುವುದರಿಂದ. 'ಅಲ್ಲಿನ ಮಂತ್ರಿಗಳು ಕಳ್ಳರು, ಬ್ಯಾಂಕಿನವರಿಗೆ ಲಂಚ ಕೊಟ್ಟರೆ ಏನು ಬೇಕಾದರೂ ಆಗುತ್ತದೆ' ಅಂತ ನಂಬಿದವನಿಗೇ ಆ ಕಥೆ ನಿಜ ಅನ್ನಿಸುವುದು. ಇದಕ್ಕೆ ದೊಡ್ಡ ಉದಾಹರಣೆ ಇಮ್ಯಾನುಯೆಲ್ ನ್ವುಡೆ. 1995ರಿಂದ 1998ರ ನಡುವೆ ಈತ ನೈಜೀರಿಯಾದ ಸೆಂಟ್ರಲ್ ಬ್ಯಾಂಕ್ ಗವರ್ನರ್ ಅಂತ ವೇಷ ಹಾಕಿ, ಇಲ್ಲದ ವಿಮಾನ ನಿಲ್ದಾಣವೊಂದನ್ನು ತೋರಿಸಿ, ಬ್ರೆಜಿಲ್‌ನ ಬ್ಯಾಂಕೊ ನೊರೊಯೆಸ್ಟೆಯಿಂದ 24.2 ಕೋಟಿ ಡಾಲರ್ ಎಳೆದ. ಬಲೆಗೆ ಬಿದ್ದದ್ದು ಬಡಪಾಯಿ ಅಲ್ಲ, ಬ್ಯಾಂಕಿನ ಹಿರಿಯ ಅಧಿಕಾರಿ. ಆತನಿಗೆ ಕಮಿಷನ್ ಆಸೆ ತೋರಿಸಲಾಗಿತ್ತು. ನ್ವುಡೆಯನ್ನು ಕೋರ್ಟಿಗೆ ಎಳೆದು 2005ರಲ್ಲಿ ಜೈಲಿಗೆ ಕಳಿಸಿದ್ದು ನೈಜೀರಿಯಾದ್ದೇ ಆರ್ಥಿಕ ಅಪರಾಧ ಆಯೋಗ. ಇದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಸುಳ್ಳನ್ನೇ ಯಾಕೆ ಇನ್ನೂ ಬರೆಯುತ್ತಾರೆ? 2012ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಕ್ ಹರ್ಲಿ ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ಮೇಲ್ ಕಳಿಸುವುದಕ್ಕೆ ಖರ್ಚಿಲ್ಲ. ಉತ್ತರ ಬರೆದವರ ಜೊತೆ ವಾರಗಟ್ಟಲೆ ಮಾತಾಡುವುದಕ್ಕೆ ಖರ್ಚಿದೆ. 'ನೈಜೀರಿಯಾ' ಅಂತ ಕಂಡ ತಕ್ಷಣ ಚುರುಕಾದವರು ನಕ್ಕು ಡಿಲೀಟ್ ಮಾಡುತ್ತಾರೆ, ಕೊನೆಗೂ ಹಣ ಕಳಿಸುವಂಥವರು ಮಾತ್ರ ಉಳಿಯುತ್ತಾರೆ. ಅಂದರೆ ಆ ಹೆಸರು ಬೇಕೆಂದೇ ಹಾಕಿದ ಜರಡಿ. ಹಾಗಿದ್ದಮೇಲೆ ಕಳಿಸಿದವನು ಅಲ್ಲಿಯವನೇ ಆಗಿರಬೇಕು ಅಂತೇನೂ ಇಲ್ಲ.

ಸರಿ, ಧೋರಣೆಗಳು ಅಂತ ಏನೂ ಇಲ್ಲವಾ? ಇವೆ. 'ವಸಾಹತು ಕಾಲದಲ್ಲಿ ನಮ್ಮನ್ನು ದೋಚಿದರಲ್ಲ, ಈಗ ವಾಪಸ್ ತಗೊಳ್ತೀವಿ' ಅನ್ನುವ ಮಾತು ನೈಜೀರಿಯಾ, ಘಾನಾದ ಈ ದಂಧೆಯ ಹುಡುಗರ ಬಾಯಲ್ಲಿದೆ. ರಷ್ಯನ್ ಆಡುವ ಗುಂಪುಗಳಲ್ಲಿ 'ನಮ್ಮವರ ತಂಟೆಗೆ ಹೋಗಬೇಡ' ಅನ್ನುವ ಕಟ್ಟಳೆ ಇದೆ. 2008ರಲ್ಲಿ ಬಂದ ಕಾನ್ಫಿಕರ್ ಎಂಬ ವರ್ಮ್‌ನ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ದುಷ್ಟ ಪ್ರೋಗ್ರಾಮಿನ) ಮೊದಲ ಆವೃತ್ತಿ ಕಂಪ್ಯೂಟರಿನ ಕೀಬೋರ್ಡ್ ಉಕ್ರೇನಿಯನ್ ಆಗಿದ್ದರೆ ಸುಮ್ನೆ ಹಿಂದೆ ಸರಿಯುತ್ತಿತ್ತು. ಇದನ್ನು ದೇಶಪ್ರೇಮ ಅಂದುಕೊಳ್ಳಬೇಡಿ. ಪಕ್ಕದ ಬೀದಿಯಲ್ಲಿ ದೂರು ಕೊಡುವವರು ಇಲ್ಲದಿದ್ದರೆ ಪೊಲೀಸರೂ ಬರುವುದಿಲ್ಲ, ಲೆಕ್ಕ ಅಷ್ಟೇ. ಇನ್ನು ಸಮರ್ಥನೆಯ ವಿಚಾರ: ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಟ್ಜಾ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1957ರಲ್ಲೇ ಹಾದಿ ತಪ್ಪಿದ ಹುಡುಗರು ಹೇಳುವ ನೆಪಗಳನ್ನು ವಿಂಗಡಿಸಿದ್ದರು. 'ಅವನಿಗೆ ಹಾಗೇ ಆಗಬೇಕು', 'ಯಾರಿಗೂ ನಷ್ಟ ಆಗಿಲ್ಲ', 'ದೊಡ್ಡವರೇನು ಸಾಚಾಗಳಾ'. ನೈಜೀರಿಯಾದ ಲಾಗೋಸ್‌ನಲ್ಲಿ ಕೇಳುವುದೂ ಇವೇ ಮಾತು, ಇತಿಹಾಸದ ಬಣ್ಣ ಮಾತ್ರ ಬೇರೆ.

ದೇಶಕ್ಕೂ ದೇಶಕ್ಕೂ ನಿಜವಾದ ವ್ಯತ್ಯಾಸ ನನಗೆ ಕಾಣುವುದು ಕಾನೂನಿನಲ್ಲಿ. 1978ರಲ್ಲಿ ಮೊದಲ ಸ್ಪ್ಯಾಮ್ ಕಳಿಸಿದ್ದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರ್ಕೆಟಿಂಗ್‌ನವರು, ಇಂಟರ್‌ನೆಟ್‌ಗೂ ಮೊದಲಿದ್ದ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ. 1994ರಲ್ಲಿ ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾ ಜಾಲದ ತುಂಬ ಗ್ರೀನ್ ಕಾರ್ಡ್ ಜಾಹೀರಾತು ಸುರಿದವರು ಅರಿಜೋನಾದ ಇಬ್ಬರು ವಕೀಲರು, ಅವರು ಕ್ಷಮೆ ಕೇಳುವ ಬದಲು ಹೆಮ್ಮೆಪಟ್ಟರು. ಅಮೆರಿಕದ 2003ರ ಕಾನೂನು ಇವತ್ತಿಗೂ 'ಬೇಡ ಅನ್ನುವವರೆಗೆ ಕಳಿಸಬಹುದು' ಅನ್ನುತ್ತದೆ. ಯುರೋಪ್ ಒಕ್ಕೂಟ 2002ರಲ್ಲೇ 'ಮೊದಲು ಒಪ್ಪಿಗೆ ತಗೊಳ್ಳಿ' ಅಂದಿತ್ತು. ವ್ಯಾಪಾರ ಮೊದಲೋ ಮನೆಯವರ ನೆಮ್ಮದಿ ಮೊದಲೋ ಅನ್ನುವುದರಲ್ಲಿ ಇರುವ ಅಂತರ ಇದು. ಇದನ್ನು ಸಂಸ್ಕೃತಿ ಅಂದರೆ ನನ್ನ ತಕರಾರಿಲ್ಲ.

ಹಣದ ಜಾಡು ಹಿಡಿದರೆ ನಕ್ಷೆ ಮತ್ತೆ ಬದಲಾಗುತ್ತದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಪ್ಯಾಮ್‌ನಲ್ಲಿ ಮಾರುವ ಮಾತ್ರೆ, ನಕಲಿ ವಾಚು, ಸಾಫ್ಟ್‌ವೇರ್‌ಗಳನ್ನು ತಾವೇ ಕೊಂಡು ನೋಡಿದರು. ಶೇ 95ರಷ್ಟು ವ್ಯವಹಾರ ಬೆರಳೆಣಿಕೆಯ ಬ್ಯಾಂಕುಗಳ ಮೂಲಕ ಹೋಗುತ್ತಿತ್ತು.

ಈಗಿನ ಪರಿಸ್ಥಿತಿಯಂತೂ ಇನ್ನೂ ಕಹಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸುತ್ತಿರಬಹುದು. ಕೆಲಸದ ಜಾಹೀರಾತು ನಂಬಿ ಹೋದವರು, ಹಲವರು ಡಿಗ್ರಿ ಮಾಡಿದವರು. ಪಾಸ್‌ಪೋರ್ಟ್ ಕಿತ್ತುಕೊಂಡಿರುತ್ತಾರೆ, ಗುರಿ ಮುಟ್ಟದಿದ್ದರೆ ಹೊಡೆತ. ನಿಮಗೆ 'ಹಲೋ' ಅಂತ ಮೆಸೇಜ್ ಮಾಡಿದವರು ಇವರಲ್ಲೊಬ್ಬರಾಗಿದ್ದರೆ, ಯಾವ ದೇಶದ ಸಂಸ್ಕೃತಿಯನ್ನು ಬೈಯುತ್ತೀರಿ?

ಬ್ಲಾಕ್ ಮಾಡುವ ವಿಚಾರ. ದೇಶ ನೋಡಿ ಬಾಗಿಲು ಹಾಕಿದರೆ ಸಿಕ್ಕಿಬೀಳುವವರು ಹೆಚ್ಚಾಗಿ ಸಾಚಾ ಜನ. ಆನ್‌ಲೈನ್ ಹಣ ಪಾವತಿಯ ಪೇಪ್ಯಾಲ್ ಕಂಪನಿ 2014ರವರೆಗೆ ನೈಜೀರಿಯಾಕ್ಕೆ ಕಾಲೇ ಇಡಲಿಲ್ಲ. ಮೋಸಗಾರರಿಗೆ ಅದರಿಂದ ತೊಂದರೆ ಆಗಲಿಲ್ಲ, ವಿದೇಶದ ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಹುಡುಗ ಹುಡುಗಿಯರಿಗೆ ಆಯಿತು. ನಮ್ಮ ಸರ್ವರ್‌ನಲ್ಲಿ ಮೇಲ್ ಸ್ಪ್ಯಾಮಾ ಅಲ್ಲವಾ ಅಂತ ಅಂಕ ಹಾಕುವಾಗ ನಾನು ದೇಶಕ್ಕೆ ಸೊನ್ನೆ ಇಟ್ಟಿದ್ದೇನೆ. ನೋಡುವುದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ಆ ಡೊಮೈನಿನದೇ ಅಂತ ಪರೀಕ್ಷಿಸುವ ಮೂರು ವಿಧಾನಗಳು) ಪಾಸಾಗಿದೆಯಾ, ಐಪಿ ಮನೆ ಬ್ರಾಡ್‌ಬ್ಯಾಂಡಿನದಾ, ಡೊಮೈನ್ ನಿನ್ನೆ ಮೊನ್ನೆ ಹುಟ್ಟಿದ್ದಾ ಅಂತ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಕೂಡ ರಾಶಿ ಮೇಲ್ ಕಳಿಸುವವರಿಗೆ ಆ ಮೂರನ್ನೂ ಕಡ್ಡಾಯ ಮಾಡಿವೆ. ನೀವು ಸ್ವಂತ ಡೊಮೈನ್ ಇಟ್ಟುಕೊಂಡಿದ್ದರೆ ಮೊದಲು ನಿಮ್ಮ ಡಿಮಾರ್ಕ್ ದಾಖಲೆ ನೋಡಿ. ಅದು ಇಲ್ಲದಿದ್ದರೆ ನಿಮ್ಮ ಹೆಸರಿನಲ್ಲೇ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಮೇಲ್ ಬಿಡಬಹುದು.