ಕೆರೆ ಹಂಚಿಕೊಂಡವರು ಯಾರು? ಮಿಂಚುಳ್ಳಿ ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಕೆರೆಯಲ್ಲಿರುವ ಚಿಕ್ಕ, ಕಪ್ಪು-ಬಿಳಿ, ಗದ್ದೆ ಎಂಬ ಮೂರು ಬಗೆಯ ಮಿಂಚುಳ್ಳಿಗಳ (ಕಿಂಗ್‌ಫಿಷರ್) ಬಗ್ಗೆ ನೀವು ಕಳಿಸಿದ ‘ಒಂದೇ ಕೆರೆ, ಮೂವರು ಪಾಲುದಾರರು’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವಂಥ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ನಾಲ್ಕನೇ ಪುಟದಲ್ಲಿ ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಲ್ಲುವುದು, ಕೊಕ್ಕು ಕೆಳಗೆ ಮಾಡಿ ಒಂದಷ್ಟು ಇಳಿದು ಮತ್ತೆ ನಿಲ್ಲುವುದು, ಆಮೇಲೆ ಒಮ್ಮೆಲೇ ಧುಮುಕುವುದು, ಇಷ್ಟನ್ನು ಎಂಟು ಸಾಲಿನಲ್ಲಿ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಅದಕ್ಕೂ ಮುಂಚಿನ ಮೂರು ಪುಟ, ಅಂದರೆ ನಿಸರ್ಗವೇ ಗುರು, ಹಕ್ಕಿಗಳಿಗಿರುವ ಬುದ್ಧಿ ಮನುಷ್ಯನಿಗಿಲ್ಲ, ಅಣ್ಣತಮ್ಮಂದಿರು ಗೇಣು ಬದುವಿಗೆ ಕೋರ್ಟು ಹತ್ತುತ್ತಾರೆ ಎಂಬುದೆಲ್ಲ, ಪೂರ್ತಿ ಹೋಗಲಿ. ಬದುವಿನ ವ್ಯಾಜ್ಯ ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಮುಖ್ಯ ತಕರಾರು. ‘ಈ ಮೂರೂ ಹತ್ತಿರದ ಬಂಧುಗಳು. ಪೈಪೋಟಿ ತಪ್ಪಿಸಲೆಂದು ಕೆರೆಯನ್ನು ಹಂಚಿಕೊಂಡಿವೆ’ ಎನ್ನುತ್ತೀರಿ. ಮೊದಲ ವಾಕ್ಯವೇ ನಿಲ್ಲುವುದಿಲ್ಲ. ಮಿಂಚುಳ್ಳಿ ಕುಟುಂಬದಲ್ಲಿ ಮೂರು ಉಪಕುಟುಂಬಗಳಿವೆ, ನಿಮ್ಮ ಮೂರು ಹಕ್ಕಿಗಳು ಒಂದೊಂದಕ್ಕೆ ಒಂದರಂತೆ ಸೇರಿದವು. ಚಿಕ್ಕ ಮಿಂಚುಳ್ಳಿ ಒಂದು ಕಡೆ, ಕಪ್ಪು-ಬಿಳಿ ಇನ್ನೊಂದು ಕಡೆ, ಗದ್ದೆ ಮಿಂಚುಳ್ಳಿ ಮರ-ಮಿಂಚುಳ್ಳಿಗಳ ಗುಂಪಿನಲ್ಲಿ. ಆ ಕೊನೆಯ ಗುಂಪಿನ ಬಹಳಷ್ಟು ಹಕ್ಕಿಗಳು ನೀರಿನ ಗೊಡವೆಯಿಲ್ಲದೆ ಹುಳು, ಹಲ್ಲಿ ಹಿಡಿದು ಬದುಕುವಂಥವು. ಹೀಗಿರುವಾಗ ಗದ್ದೆ ಮಿಂಚುಳ್ಳಿ ಕೆರೆ ಬಿಟ್ಟು ಬದುವಿನ ಮಿಡತೆಗೆ ಎರಗುವುದು ಉಳಿದ ಎರಡಕ್ಕೆ ಮೀನು ಬಿಟ್ಟುಕೊಟ್ಟದ್ದಕ್ಕಲ್ಲ. ಕಲಬುರಗಿ ಸುತ್ತಿನ ತೊಗರಿ ಹೊಲಗಳಲ್ಲಿ ಕೆರೆಯೂ ಇಲ್ಲ, ಬೇರೆ ಮಿಂಚುಳ್ಳಿಯೂ ಇಲ್ಲದ ಕಡೆ ಕರೆಂಟಿನ ತಂತಿಯ ಮೇಲೆ ಕೂತು ಅದು ಮಾಡುವುದೂ ಇದನ್ನೇ. ಅಭ್ಯಾಸವನ್ನು ಹುಟ್ಟಿನಿಂದಲೇ ಹೊತ್ತು ಬಂದಿದೆ, ಬೋನಾಳದಲ್ಲಿ ಕಲಿತದ್ದಲ್ಲ. ಈ ಒಂದು ಮಾತು ಸರಿಹೋದರೆ ನಿಮ್ಮ ಲೇಖನದ ಅರ್ಧ ಸಮಸ್ಯೆ ಮುಗಿಯಿತು.

ಎರಡನೆಯದು, ‘ಜಗಳವಿಲ್ಲದ ಸಹಬಾಳ್ವೆ’. ಜಗಳವಿದೆ, ನೀವು ನೋಡಿದ ಕಡೆ ಇಲ್ಲ ಅಷ್ಟೆ. ಚಿಕ್ಕ ಮಿಂಚುಳ್ಳಿ ತನ್ನ ಪಾಲಿನ ದಂಡೆಗೆ ಇನ್ನೊಂದು ಚಿಕ್ಕ ಮಿಂಚುಳ್ಳಿ ಬಂದರೆ ಸಹಿಸುವುದಿಲ್ಲ, ಚೀರುತ್ತ ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಅಟ್ಟುತ್ತದೆ. ಎರಡು ಪ್ರಭೇದಗಳು ಒಂದೇ ಕಡೆ ಬಾಳಬೇಕಾದರೆ ಪ್ರತಿಯೊಂದಕ್ಕೂ ಪರಕೀಯರಿಗಿಂತ ಸ್ವಂತದವರ ಕಾಟವೇ ಹೆಚ್ಚಿರಬೇಕು ಎಂಬುದು ಪರಿಸರ ವಿಜ್ಞಾನದ ಮೂಲ ಲೆಕ್ಕ. ಆದ್ದರಿಂದ ಯಾರು ಯಾರನ್ನು ಓಡಿಸಿದರು ಎಂದು ಬರೆದಿಟ್ಟುಕೊಳ್ಳಿ. ಆ ಪಟ್ಟಿ ನಿಮ್ಮ ಉಪದೇಶಕ್ಕಿಂತ ಹೆಚ್ಚು ಹೇಳುತ್ತದೆ.

ಬರೆದಿಡುವುದು ಹೇಗೆ? ನಿಮ್ಮ ಟಿಪ್ಪಣಿಯಲ್ಲಿ ‘ತೀರದಲ್ಲಿ’, ‘ಎತ್ತರದಲ್ಲಿ’, ‘ದೊಡ್ಡ ಮೀನು’ ಎಂದಷ್ಟೇ ಇದೆ. ದಂಡೆಯ 500 ಮೀಟರನ್ನು 50 ಮೀಟರಿನ ಹತ್ತು ತುಂಡು ಮಾಡಿ, ಕಲ್ಲಿಗೋ ಜಾಲಿ ಗಿಡಕ್ಕೋ ನಂಬರು ಕಟ್ಟಿ. ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ಸಾಕು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತ ಪ್ರತಿ ಹಕ್ಕಿ ಮೊದಲು ಕಂಡ ಜಾಗವನ್ನಷ್ಟೇ ಗುರುತಿಸಿ: ಕೂತ ಎತ್ತರ, ನೀರಂಚಿನಿಂದ ದೂರ, ಗಾಳಿ ಇತ್ತೋ ಇಲ್ಲವೋ. ಹಕ್ಕಿ ಹೋದ ಮೇಲೆ ಹತ್ತು ಸೆಂಟಿಮೀಟರಿಗೊಂದು ಗೆರೆ ಕೊರೆದ ಬಿದಿರು ಕೋಲಿನಿಂದ ದಡದಾಚೆಯ ನೀರಿನ ಆಳ ಅಳೆಯಿರಿ. ಮೀನಿನ ಅಳತೆಗೆ ಕೊಕ್ಕೇ ಗಜಕಡ್ಡಿ. ಚಿಕ್ಕದರ ಕೊಕ್ಕು ಸುಮಾರು 4 ಸೆಂ.ಮೀ., ಉಳಿದೆರಡರದು 6 ಸೆಂ.ಮೀ. ಆಸುಪಾಸು. ‘ಒಂದೂವರೆ ಕೊಕ್ಕು’ ಎಂದು ಬರೆದರೆ ಮನೆಗೆ ಬಂದು ಸೆಂಟಿಮೀಟರಿಗೆ ತಿರುಗಿಸಬಹುದು.

ಇಲ್ಲಿ ಎಡವುವ ಜಾಗಗಳಿವೆ. ‘ನಲವತ್ತು ಸಲ ಧುಮುಕಿದ್ದು ಕಂಡೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅದು ಒಂದೇ ಹಕ್ಕಿಯಾಗಿದ್ದರೆ ಒಂದು ಹಕ್ಕಿಯ ಚಾಳಿ ಗೊತ್ತಾಯಿತೇ ಹೊರತು ಪ್ರಭೇದದ್ದಲ್ಲ. ಬಿಡಿ ಹಕ್ಕಿಗಳನ್ನು ಬೇರ್ಪಡಿಸಲು ಸ್ವಲ್ಪ ದಾರಿಯಿದೆ: ಕಪ್ಪು-ಬಿಳಿಯಲ್ಲಿ ಗಂಡಿಗೆ ಎದೆಯ ಮೇಲೆ ಎರಡು ಕರಿ ಪಟ್ಟಿ, ಹೆಣ್ಣಿಗೆ ಒಂದೇ; ಚಿಕ್ಕದರಲ್ಲಿ ಗಂಡಿನ ಕೊಕ್ಕು ಪೂರ್ತಿ ಕಪ್ಪು, ಹೆಣ್ಣಿನ ಕೆಳಕೊಕ್ಕು ಕೆಂಪು. ಗದ್ದೆ ಮಿಂಚುಳ್ಳಿಯಲ್ಲಿ ಈ ಅನುಕೂಲವಿಲ್ಲ. ಇನ್ನು ಕೊಕ್ಕಿನಲ್ಲಿ ಮೀನಿನ ತಲೆ ಯಾವ ಕಡೆಗಿದೆ ನೋಡಿ. ತಾನು ನುಂಗುವುದಾದರೆ ತಲೆ ಗಂಟಲ ಕಡೆ, ಸಂಗಾತಿಗೋ ಮರಿಗೋ ಒಯ್ಯುವುದಾದರೆ ತಲೆ ಹೊರಗೆ. ಮರಿಗೆ ಒಯ್ದ ಮೀನನ್ನು ದೊಡ್ಡ ಹಕ್ಕಿಯ ಊಟದ ಲೆಕ್ಕಕ್ಕೆ ಸೇರಿಸಿದರೆ ಅಳತೆಯೆಲ್ಲ ಕೆಡುತ್ತದೆ.

ದಿನವೂ ಕೂರುವ ಕೊಂಬೆಯ ಕೆಳಗೆ ಹುಡುಕಿದರೆ ಅವು ಕಾರಿದ ಉಂಡೆಗಳು ಸಿಗುತ್ತವೆ. ಮೀನು ತಿಂದದ್ದರಲ್ಲಿ ಬಿಳಿ ಮುಳ್ಳು, ಹುರುಪೆ. ಗದ್ದೆ ಮಿಂಚುಳ್ಳಿಯದರಲ್ಲಿ ಜೀರುಂಡೆಯ ಗಟ್ಟಿ ರೆಕ್ಕೆ, ಏಡಿಯ ಚಿಪ್ಪು. ಕಾಗದದ ಲಕೋಟೆಯಲ್ಲಿ ತನ್ನಿ, ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿಯುತ್ತದೆ. ಮೆತ್ತನೆಯ ಹುಳುಗಳ ಗುರುತು ಉಂಡೆಯಲ್ಲಿ ಹೆಚ್ಚು ಉಳಿಯುವುದಿಲ್ಲ ಎಂಬುದನ್ನೂ ಲೇಖನದಲ್ಲಿ ಹೇಳಿ.

ನೀವು ಹೋದದ್ದು ಡಿಸೆಂಬರಿನಲ್ಲಿ ಮಾತ್ರ. ಕೆರೆ ತುಂಬಿ ಮೀನು ಹೇರಳವಿರುವಾಗ ಮೂವರೂ ಒಂದೇ ಮೀನು ತಿಂದರೂ ಯಾರಿಗೂ ನಷ್ಟವಿಲ್ಲ. ಏಪ್ರಿಲ್, ಮೇನಲ್ಲಿ ನೀರು ಹಿಂದೆ ಸರಿದು ಮೀನು ಗುಂಡಿಗಳಿಗೆ ಸೇರಿದಾಗ ಹೋಗಿ ನೋಡಿ. ಇನ್ನು ಕೆರೆಯ ನಡುವೆ ಕೂರಲು ಏನೂ ಇಲ್ಲ, ಕಪ್ಪು-ಬಿಳಿ ಮಿಂಚುಳ್ಳಿ ಅಲ್ಲಿ ಬೇಟೆಯಾಡುವುದು ಅದಕ್ಕೆ ಕೂರದೆಯೂ ಬೇಟೆಯಾಡಲು ಬರುವುದರಿಂದ. ಹಾಗಾದರೆ ನಡುವೆ ಗೂಟವಿದ್ದರೆ ಉಳಿದವು ಬರುತ್ತವೆಯೇ? ಬೋನಾಳದಂಥ ಪಕ್ಷಿಧಾಮದಲ್ಲಿ ಗೂಟ ನೆಟ್ಟು ನೋಡಲು ಹೋಗಬೇಡಿ. ಪಂಚಾಯಿತಿ ಒಪ್ಪುವ ಬೇರೆ ಊರಕೆರೆಯಲ್ಲಿ ದಡದಿಂದ 15 ಮೀಟರ್ ಒಳಗೆ, ನೀರಿನ ಮೇಲೆ ಒಂದೂವರೆ ಮೀಟರ್ ಎದ್ದಿರುವಂತೆ ನಾಲ್ಕು ಬಿದಿರು ನೆಟ್ಟು, ನೆಡುವ ಮುಂಚಿನ ಎರಡು ವಾರಕ್ಕೂ ಆಮೇಲಿನ ಎರಡು ವಾರಕ್ಕೂ ಹೋಲಿಸಿ. ಮೀನುಗಾರರ ಬಲೆ ಹಾಯುವ ದಾರಿ ಬಿಟ್ಟು ನೆಡಿ, ಇಲ್ಲವಾದರೆ ಮರುದಿನ ಒಂದೂ ಇರುವುದಿಲ್ಲ.

ಗೂಡಿನ ಜಾಗದ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಮೂರೂ ಮಣ್ಣಿನ ಕಡಿದಾದ ದಂಡೆಯಲ್ಲೇ ಬಿಲ ಕೊರೆಯುವಂಥವು. ಊಟದಲ್ಲಿ ಬೇರೆಯಾದವು ಗೂಡಿನಲ್ಲಿ ಒಂದೇ ಕಡೆ ಬಂದು ಸೇರಬಹುದು. ನಿಮ್ಮ ಭಾಗದ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಸಾರಿ ದಂಡೆ ಎಲ್ಲೋ ಅಷ್ಟಿಷ್ಟು. ಬಿಲಗಳು ಯಾವ ಮಣ್ಣಿನಲ್ಲಿವೆ, ಎಷ್ಟು ಎತ್ತರದಲ್ಲಿವೆ, ದೂರದಿಂದ ನೋಡಿ ಬರೆಯಿರಿ. ಇದನ್ನು ಓದಲು ನಮಗೇ ಕುತೂಹಲವಿದೆ.

ಅಮೆರಿಕದ ಉದಾಹರಣೆಯನ್ನೂ ತಿದ್ದಬೇಕು. ಪರಿಸರ ವಿಜ್ಞಾನಿ ರಾಬರ್ಟ್ ಮೆಕಾರ್ಥರ್ 1958ರಲ್ಲಿ ಪ್ರಕಟಿಸಿದ ಅಧ್ಯಯನದ ಐದು ಬಗೆಯ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳು ‘ಮರವನ್ನು ಐದು ಅಂತಸ್ತಾಗಿ ಹಂಚಿಕೊಂಡವು’ ಎಂದಿದ್ದೀರಿ. ಮರವನ್ನು ವಲಯಗಳಾಗಿ ಗೆರೆ ಎಳೆದದ್ದು ಮೆಕಾರ್ಥರ್. ಯಾವ ಹಕ್ಕಿ ಯಾವ ವಲಯದಲ್ಲಿ ಎಷ್ಟು ಸೆಕೆಂಡು ಕಳೆಯಿತು ಎಂದು ಅವರು ಎಣಿಸಿದರು. ಹಕ್ಕಿಗಳ ವಲಯಗಳು ಒಂದರ ಮೇಲೊಂದು ಹಾಯುತ್ತಿದ್ದವು, ವ್ಯತ್ಯಾಸವಿದ್ದದ್ದು ಪ್ರಮಾಣದಲ್ಲಿ. ಅಂದಹಾಗೆ ಆ ಐದನ್ನೂ ಆಗ ಒಂದೇ ಕುಲಕ್ಕೆ (ಜೀನಸ್) ಸೇರಿಸಿದ್ದರು, ನಿಮ್ಮ ಮಿಂಚುಳ್ಳಿಗಳ ಹಾಗಲ್ಲ. ಪೈಪೋಟಿಯೇ ಕಾರಣ ಎನ್ನಬೇಕಾದರೆ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಮಾಡಿದಂತೆ ಒಂದನ್ನು ತೆಗೆದು ನೋಡಬೇಕು. ಸ್ಕಾಟ್ಲೆಂಡಿನ ಕಡಲ ಬಂಡೆಗಳಲ್ಲಿ ಬಾರ್ನಕಲ್ ಎಂಬ ಚಿಪ್ಪುಜೀವಿಯ ಎರಡು ಪ್ರಭೇದಗಳು ಮೇಲೆ-ಕೆಳಗೆ ಪಟ್ಟಿಯಾಗಿ ಅಂಟಿರುತ್ತವೆ. ಕೆಳಗಿನದನ್ನು ಕೆರೆದು ತೆಗೆದಾಗ ಮೇಲಿನದು ಕೆಳಗೂ ಬೆಳೆಯಿತು. ಕೆಳಗಿನದನ್ನು ಮೇಲಕ್ಕೆ ಬಿಡದೆ ತಡೆದದ್ದು ಮಾತ್ರ ಪೈಪೋಟಿಯಲ್ಲ, ಒಣಗುವಿಕೆ. ಇದು 1961ರ ಪ್ರಬಂಧ. ಹಕ್ಕಿಯನ್ನು ಹಾಗೆ ತೆಗೆಯಲಾಗದು, ತೆಗೆಯಲೂ ಬಾರದು. ಹಾಗಾಗಿ ‘ಹೀಗೆ ಕಾಣುತ್ತದೆ’ ಎಂಬಲ್ಲಿಗೆ ನಿಲ್ಲಿಸಿ.

ಹತ್ತಿರದ ಬಂಧುಗಳೇ ಬೇಕೆಂದಿದ್ದರೆ ನಿಮ್ಮೂರಿನಲ್ಲೇ ಒಳ್ಳೆಯ ಜೋಡಿಯಿದೆ: ಕೆಂಪು ಟಿಟ್ಟಿಭ, ಹಳದಿ ಟಿಟ್ಟಿಭ. ಒಂದೇ ಕುಲದವು, ಎರಡೂ ಬರಿ ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತವೆ. ಕೆಂಪು ನೀರಿನ ಹತ್ತಿರ, ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆ ಬಯಲಿನಲ್ಲಿ ಸಿಗುತ್ತದೆ. ಹಳದಿಗೆ ಒಣ ಬೀಳುಭೂಮಿ ಬೇಕು. ನೀರಾವರಿ ಬಂದ ಹೊಲದಿಂದ ಮಳೆಯಾಶ್ರಿತ ಹೊಲದವರೆಗೆ ಒಂದೇ ಗೆರೆ ಹಿಡಿದು ನಡೆದರೆ ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ ಸಿಕ್ಕಬಹುದು. ಎರಡೂ ಬೆರೆತಿರುವ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು.

ಫೋಟೋಗಳಲ್ಲಿ ಎರಡನೆಯದನ್ನು ಇಟ್ಟುಕೊಂಡಿದ್ದೇವೆ. ಬಿಲದ ಬಾಯಿಗೆ ಕ್ಯಾಮೆರಾ ಹಿಡಿದು ತೆಗೆದದ್ದನ್ನು ಎಂದಿಗೂ ಬಳಸುವುದಿಲ್ಲ, ಇನ್ನು ಮುಂದೆ ತೆಗೆಯಲೂ ಬೇಡಿ. ತಿದ್ದಿದ ಪ್ರತಿ 1,200 ಪದ ದಾಟದಿರಲಿ. ಮೇ ತಿಂಗಳ ಟಿಪ್ಪಣಿ ಸೇರಿದ ಮೇಲೆಯೇ ಕಳಿಸಿ, ಜೊತೆಗೆ ಓಡಿಸಿದವರ ಪಟ್ಟಿಯೂ ಇರಲಿ.

ಇಂತಿ,
ಸಂಪಾದಕ, ಕಲಬುರಗಿ