ಕತಾರಿನ ಹಡಗು, ಆಯಿಯ ಡ್ರಮ್ಮು

ಬೆಳಗಾವಿಯ ಟಿಳಕವಾಡಿಯಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ:

"ಮಾನ್ಯ ಸಂಪಾದಕರೇ, ಹೋದ ಸಂಚಿಕೆಯಲ್ಲಿ ಮತ್ತೆ ಗೋಬರ್ ಗ್ಯಾಸ್ ಪುರಾಣ ಬಿಚ್ಚಿದ್ದೀರಿ. ಇದು ನಾಲ್ಕನೇ ಸಲ, ನಾನು ಎಣಿಸಿದ್ದೇನೆ. ನಮ್ಮ ಮನೆಗೆ ಪೈಪಿನ ಗ್ಯಾಸ್ ಬಂದು ಮೂರು ವರ್ಷವಾಯಿತು. ಸಿಲಿಂಡರ್ ಬುಕ್ ಮಾಡುವ ಕಾಟವಿಲ್ಲ, ಹಬ್ಬದ ದಿನ ಹೋಳಿಗೆ ಅರ್ಧಕ್ಕೆ ನಿಲ್ಲುವ ಭಯವಿಲ್ಲ. ಮಗ ಸಿಎನ್‌ಜಿ ಕಾರನ್ನೂ ತಗೊಂಡಿದ್ದಾನೆ. ಬೇಜಾರು ಒಂದೇ, ದರ. ಎಲ್ಲೋ ಯುದ್ಧವಾದರೆ ನಮ್ಮ ಗ್ಯಾಸಿಗೆ ಯಾಕೆ ಬಿಸಿ ಮುಟ್ಟಬೇಕು? ದೇಶದಲ್ಲಿ ಗ್ಯಾಸ್ ಎಷ್ಟಿದೆ, ಎಷ್ಟು ಬೇಕು? ದಯವಿಟ್ಟು ಸೆಗಣಿ ಬಿಟ್ಟು ಉತ್ತರಿಸಿ."

ಸೆಗಣಿ ಬಿಟ್ಟು ಅಂದಿರಿ. ಪ್ರಯತ್ನ ಮಾಡುತ್ತೇನೆ ಸರ್, ಮಾತು ಕೊಡಲಾರೆ.

ಮೊದಲು ನಿಮ್ಮ ಪೈಪಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಅದು ಒಳ್ಳೆಯ ವಸ್ತು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಕೂತುಬಿಡುತ್ತದೆ. ಪೈಪಿನದು ಮೀಥೇನ್, ಗಾಳಿಗಿಂತ ಹಗುರ, ಕಿಟಕಿ ತೆರೆದಿದ್ದರೆ ಮೇಲೆ ಹೋಗುತ್ತದೆ. ಕಲ್ಲಿದ್ದಲಿನಷ್ಟು ಹೊಗೆ ಇಲ್ಲ, ಬೂದಿ ಇಲ್ಲ. ಮೂರನೇ ಮಹಡಿಗೆ ಸಿಲಿಂಡರ್ ಹೊತ್ತು ಹಾಕುವ ಹುಡುಗನ ಬೆನ್ನೂ ಉಳಿಯಿತು. ಇಷ್ಟು ಸಾಕಲ್ವಾ? ಈಗ ನನ್ನ ಮಾತಿಗೆ ಬರುತ್ತೇನೆ.

"ನಮ್ಮ ಗ್ಯಾಸಿಗೆ" ಅಂತ ಬರೆದಿದ್ದೀರಿ. ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ಶಬ್ದ ಕಂಡಿದ್ದರೆ ನೀವೇ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದಿರಿ. ನಿಮ್ಮೂರಿನ ಹತ್ತಿರ ಹಾಯುವ ದೊಡ್ಡ ಪೈಪು ಕೊಂಕಣದ ದಾಭೋಳದಿಂದ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುತ್ತದೆ. 2013ರಲ್ಲಿ ಶುರುವಾಯಿತು. ದಾಭೋಳ ಅಂದರೆ ನಮ್ಮ ವಯಸ್ಸಿನವರಿಗೆ ಎನ್ರಾನ್ ಎಂಬ ಅಮೆರಿಕದ ಕಂಪನಿಯ ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಅದೇ ಜಾಗ. ಅಲ್ಲಿಗೆ ಹಡಗೂ ಬರುತ್ತದೆ, ಗುಜರಾತಿನ ಕಡೆಯಿಂದ ಬರುವ ಪೈಪೂ ಕೂಡುತ್ತದೆ. ಹಡಗಿನೊಳಗೆ ಗ್ಯಾಸನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣ್ಣಗೆ ಮಾಡಿ ನೀರಿನಂತೆ ತುಂಬಿರುತ್ತಾರೆ. 600 ಕೊಡ ಗ್ಯಾಸು ಒಂದೇ ಕೊಡಕ್ಕೆ ಇಳಿಯುತ್ತದೆ. ತಮಾಷೆ ಕೇಳಿ: ದಾಭೋಳದ ಬಂದರಿಗೆ ಅಲೆ ತಡೆಯುವ ಗೋಡೆ ಪೂರ್ತಿ ಇಲ್ಲದ ಕಾರಣ ಎಷ್ಟೋ ವರ್ಷ ಮಳೆಗಾಲದಲ್ಲಿ ಅಲ್ಲಿಗೆ ಹಡಗೇ ಬರುತ್ತಿರಲಿಲ್ಲ. ಆಗುಂಬೆ ಘಾಟಿಯ ಬಸ್ಸಿನ ಹಾಗೆ, ಮಳೆ ಬಂದರೆ ಬಂದ್.

ದೇಶದ ಲೆಕ್ಕ ಕೇಳಿದಿರಿ. ವರ್ಷಕ್ಕೆ ಸುಮಾರು 7,000 ಕೋಟಿ ಘನ ಮೀಟರ್ ಗ್ಯಾಸ್ ಸುಡುತ್ತೇವೆ. ನಮ್ಮ ನೆಲ, ನಮ್ಮ ಸಮುದ್ರದಿಂದ ಬರುವುದು 3,600 ಕೋಟಿ. ಉಳಿದ ಅರ್ಧ ಹಡಗಿನಲ್ಲಿ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಕತಾರಿನದು. ಇದು ನಿನ್ನೆ ಮೊನ್ನೆಯ ಕಥೆಯಲ್ಲ. 2010-11ರಲ್ಲಿ ನಾವೇ 5,200 ಕೋಟಿ ತೆಗೆದಿದ್ದೆವು. ಹತ್ತು ವರ್ಷ ಕಳೆದು 2020-21ಕ್ಕೆ ಬಂದರೆ 2,900 ಕೋಟಿಯೂ ಇರಲಿಲ್ಲ. ಈಗ ಸ್ವಲ್ಪ ಚೇತರಿಸಿದೆ, ಅಷ್ಟೇ.

ಯಾಕೆ ಬಿತ್ತು? ಗೋದಾವರಿ ಮುಖದ ಸಮುದ್ರದಲ್ಲಿ 2002ರಲ್ಲಿ ಭಾರಿ ಗ್ಯಾಸ್ ಸಿಕ್ಕಿತು, ಕೆಜಿ-ಡಿ6 ಅಂತ. 2009ರ ಏಪ್ರಿಲ್‌ನಲ್ಲಿ ಹರಿಯಿತು. ಆಗಿನ ಸಂಭ್ರಮ ನನಗೆ ಚೆನ್ನಾಗಿ ನೆನಪಿದೆ. ದೇಶದ ದಾರಿದ್ರ್ಯ ಇನ್ನು ಮುಗಿಯಿತು ಅನ್ನುವ ಧಾಟಿಯಲ್ಲಿ ನಾನೂ ಒಂದು ಸಂಪಾದಕೀಯ ಬರೆದಿದ್ದೆ. ಆ ಸಂಚಿಕೆ ಈಗ ಯಾರಿಗೂ ತೋರಿಸುವುದಿಲ್ಲ. ನಾಲ್ಕೈದು ವರ್ಷದಲ್ಲಿ ಆ ಬಾವಿಗಳ ಹರಿವು ಕಾಲುಭಾಗಕ್ಕಿಂತ ಕೆಳಗೆ ಇಳಿಯಿತು. ಆ ಗ್ಯಾಸ್ ನಂಬಿ ಆಂಧ್ರದಲ್ಲಿ ಕಟ್ಟಿದ್ದ ವಿದ್ಯುತ್ ಸ್ಥಾವರಗಳು ಸುಮ್ನೆ ಕೂತವು. ಬೋರ್ ಕೊರೆಸಿದ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಮೊದಲ ದಿನ ಮೂರು ಇಂಚು ನೀರು, ಊರಿಗೆಲ್ಲ ಪೇಢೆ. ಮೂರನೇ ಬೇಸಿಗೆಗೆ ಬರೀ ಗಾಳಿ.

ಇನ್ನು ಯುದ್ಧ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ಯುರೋಪಿಗೆ ರಷ್ಯಾದ ಪೈಪ್ ಗ್ಯಾಸ್ ಕಮ್ಮಿಯಾಯಿತು. ಅವರು ಜಗತ್ತಿನ ಹಡಗುಗಳನ್ನೆಲ್ಲ ದುಡ್ಡು ಸುರಿದು ತಮ್ಮ ಕಡೆ ತಿರುಗಿಸಿಕೊಂಡರು. ಆಗಸ್ಟ್ ಹೊತ್ತಿಗೆ ಏಷ್ಯಾದ ಮಾರುಕಟ್ಟೆಯಲ್ಲಿ ಹತ್ತು ಲಕ್ಷ ಬಿಟಿಯು ಗ್ಯಾಸಿಗೆ 50 ಡಾಲರ್ ದಾಟಿತ್ತು. ಹತ್ತು ಲಕ್ಷ ಬಿಟಿಯು ಅಂದರೆ ಗಾಬರಿಯಾಗಬೇಡಿ, ನಿಮ್ಮ ಹಳೆಯ ಒಂದೂವರೆ ಸಿಲಿಂಡರಿನ ಕಾವು ಅಷ್ಟೇ. ನಮ್ಮ ಸರ್ಕಾರದ ಗ್ಯಾಸ್ ಕಂಪನಿ ಗೇಲ್‌ಗೆ ರಷ್ಯಾದ ಗಾಜ್‌ಪ್ರೋಮ್‌ನ ಜರ್ಮನಿ ಶಾಖೆಯಿಂದ ಬರಬೇಕಿದ್ದ ಗ್ಯಾಸೂ ನಿಂತಿತು. ಪಾಕಿಸ್ತಾನ, ಬಾಂಗ್ಲಾದೇಶ ಕತ್ತಲಲ್ಲಿ ಕೂತವು. ಗುಜರಾತಿನ ಮೋರ್ಬಿಯ ಟೈಲ್ಸ್ ಭಟ್ಟಿಗಳು ಪೈಪ್ ಗ್ಯಾಸ್ ಬಿಟ್ಟು ಸಿಲಿಂಡರ್ ಗ್ಯಾಸಿನ ಜಾತಿಯ ಪ್ರೊಪೇನ್ ಹಿಡಿದವು. ನಿಮ್ಮ ಬಚ್ಚಲುಮನೆಯ ಟೈಲ್ಸ್ ಹಿಂದೆ ಬರೆದಿದೆಯೋ ನೋಡಿ, ಮೋರ್ಬಿ ಅಂತ.

ನಿಮ್ಮ ಮನೆಯ ಒಲೆ ಮಾತ್ರ ಸ್ವಲ್ಪ ಬಚಾವು. ಮುಂಬೈ ಹೈನಂಥ ಹಳೆಯ ಬಾವಿಗಳ ಗ್ಯಾಸಿಗೆ ಸರ್ಕಾರ ದರ ಕಟ್ಟಿದೆ. 2023ರ ಏಪ್ರಿಲ್‌ನಿಂದ ಕಚ್ಚಾ ತೈಲದ ಬೆಲೆಯ ಶೇ 10, ಅದಕ್ಕೆ ಹತ್ತು ಲಕ್ಷ ಬಿಟಿಯುವಿಗೆ ಕೆಳಗೆ 4 ಡಾಲರ್, ಮೇಲೆ ಆರೂವರೆ ಡಾಲರ್ ಅಂತ ಮಿತಿ. 2025ರಲ್ಲಿ ಮೇಲಿನ ಮಿತಿ 6.75 ಆಯಿತು. ಈ ಅಗ್ಗದ ಗ್ಯಾಸ್ ಮೊದಲು ಮನೆ ಒಲೆಗೆ, ಆಮೇಲೆ ಸಿಎನ್‌ಜಿಗೆ. ಆದರೆ 1974ರಲ್ಲಿ ಸಿಕ್ಕ ಬಾವಿ ಈಗ ಮುದಿಯಾಗಿದೆ. ತಿನ್ನುವ ಬಾಯಿ ಜಾಸ್ತಿ, ತಾಟಿನಲ್ಲಿ ರೊಟ್ಟಿ ಕಮ್ಮಿ. 2024ರ ಅಕ್ಟೋಬರ್‌ನಲ್ಲಿ ಸಿಎನ್‌ಜಿಯ ಅಗ್ಗದ ಪಾಲಿಗೆ ಕತ್ತರಿ ಬಿತ್ತು. ಕೊರತೆ ತುಂಬಲು ತುಟ್ಟಿ ಗ್ಯಾಸ್ ತರಬೇಕು. ನಿಮ್ಮ ಮಗನ ಕಾರಿನ ದರ ಏರಿದ್ದು ಹೀಗೆ. ನೋಡಿ, ಇಷ್ಟು ಹೊತ್ತು ಸೆಗಣಿ ಮುಟ್ಟಿಲ್ಲ.

ಈಗ ಮುಟ್ಟುತ್ತೇನೆ.

ಮುಧೋಳ ತಾಲ್ಲೂಕಿನ ನಮ್ಮ ಹಳ್ಳಿ ಮನೆಯ ಹಿತ್ತಲಲ್ಲಿ ಎಂಬತ್ತರ ದಶಕದಲ್ಲಿ ಸರ್ಕಾರದ ಸಬ್ಸಿಡಿಯಿಂದ ಒಂದು ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ್ದರು. ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮು, ಮಗುಚಿಟ್ಟ ಹಂಡೆಯ ಹಾಗೆ. ಗ್ಯಾಸ್ ತುಂಬಿದರೆ ಮೇಲೆ ಏಳುತ್ತಿತ್ತು, ಅಡುಗೆಯಾದಂತೆ ಇಳಿಯುತ್ತಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಸುಕಿನಲ್ಲಿ ಎದ್ದವಳೇ ಹಿತ್ತಲಿಗೆ ಹೋಗಿ ಡ್ರಮ್ಮು ಎಷ್ಟು ಎದ್ದಿದೆ ನೋಡುತ್ತಿದ್ದಳು. ಮೊಳದಷ್ಟು ಎದ್ದಿದ್ದರೆ ರೊಟ್ಟಿ, ಪಲ್ಯ, ಚಹಾ ಮೂರೂ. ಗೇಣಷ್ಟಿದ್ದರೆ ಚಹಾ ಗ್ಯಾಸಿನ ಮೇಲೆ, ರೊಟ್ಟಿ ಕಟ್ಟಿಗೆ ಒಲೆಗೆ. ಉರಿ ಸಣ್ಣದಾದರೆ ನಾನು ಹೋಗಿ ಡ್ರಮ್ಮಿನ ಮೇಲೆ ಎರಡು ಕಲ್ಲು ಹೇರಬೇಕು, ಒತ್ತಡ ಏರಲಿ ಅಂತ. ಉರಿ ಪಟಪಟ ಅಂದರೆ ಪೈಪಿನಲ್ಲಿ ನೀರು ಕೂತಿದೆ ಅಂತ ಅರ್ಥ, ಕಾಕ್ ಬಿಚ್ಚಿ ಹನಿಸಬೇಕು. ಚಳಿಗಾಲದಲ್ಲಿ ಡ್ರಮ್ಮು ಏಳುವುದಕ್ಕೆ ಮೈಗಳ್ಳತನ ಮಾಡುತ್ತಿತ್ತು. "ಎಮ್ಮಿಗೆ ಥಂಡಿ ಆದ್ರ ಗ್ಯಾಸಿಗೂ ಥಂಡಿನ" ಅನ್ನುತ್ತಿದ್ದಳು ಆಯಿ. ಸೆಗಣಿ ಹುಳಿಸುವ ಸಣ್ಣ ಜೀವಿಗಳಿಗೆ ಬೆಚ್ಚಗೆ ಬೇಕು ಅಂತ ನಾನು ಕಾಲೇಜಿನಲ್ಲಿ ಓದಿದೆ. ಅವಳು ಓದದೆ ಹೇಳಿದ್ದಳು.

ದೇಶದ ಗ್ಯಾಸ್ ಪೂರೈಕೆ ಎಷ್ಟು ಅಂತ ನೀವು ನನಗೆ ಪತ್ರ ಬರೆಯಬೇಕಾಯಿತು. ತನ್ನ ಪೂರೈಕೆ ಎಷ್ಟು ಅಂತ ಅವಳಿಗೆ ಹಿತ್ತಲ ಬಾಗಿಲಿನಿಂದಲೇ ಕಾಣುತ್ತಿತ್ತು.

ಡ್ರಮ್ಮಿಗೆ ತುಕ್ಕು ಹಿಡಿಯಿತು. ಹೊಸದು ಹಾಕಿಸಲು ಅಪ್ಪ ಒಂದು ಕಚೇರಿಗೆ ಆರು ಸಲ ಹೋಗಿ ಬಂದರು. ಏಳನೇ ಸಲ ಹೋಗಲಿಲ್ಲ. ಅಷ್ಟರಲ್ಲಿ ಸಿಲಿಂಡರ್ ಬಂತು. ನಿಜ, ಎಮ್ಮೆಗಳೂ ಕಮ್ಮಿಯಾದವು, ದಿನಾ ಸೆಗಣಿ ಕಲಸಲು ಸೊಸೆಯಂದಿರಿಗೆ ಪುರುಸೊತ್ತೂ ಇಲ್ಲ. ಇದನ್ನು ಹಳೆಯವನ ಹಳಹಳಿಕೆ ಅಂತ ನೀವು ಅಂದರೆ ಮನೆಯಲ್ಲೂ ಹಾಗೇ ಅನ್ನುತ್ತಾರೆ.

ಅದಕ್ಕೇ ಎಮ್ಮೆ ಬಿಡಿ, ಸಕ್ಕರೆ ಕಾರ್ಖಾನೆಗೆ ಬನ್ನಿ. ನಿಮ್ಮ ಬೆಳಗಾವಿ, ನಮ್ಮ ಬಾಗಲಕೋಟೆ, ಪಕ್ಕದ ವಿಜಯಪುರ, ಈ ಮೂರು ಜಿಲ್ಲೆ ಅಂದರೆ ಕರ್ನಾಟಕದ ಸಕ್ಕರೆ ಡಬ್ಬಿ. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಕರಿ ಗಸಿ, ಪ್ರೆಸ್‌ಮಡ್, ನೂರು ಟನ್ ಕಬ್ಬಿಗೆ ಮೂರು ನಾಲ್ಕು ಟನ್ ಬರುತ್ತದೆ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯಿಂದ ಸುಮಾರು 175 ಟನ್ ಅನ್ನಿ. ಇದನ್ನು ಗುಂಡಿಯಲ್ಲಿ ಹುಳಿಸಿ, ಗ್ಯಾಸ್ ತೊಳೆದು, ಒತ್ತಿ ತುಂಬಿದರೆ 25 ಟನ್ನಿಗೆ ಒಂದು ಟನ್ ಲೆಕ್ಕದಲ್ಲಿ ದಿನಕ್ಕೆ 7 ಟನ್ ಗ್ಯಾಸ್. ನಿಮ್ಮ ಪೈಪಿನಲ್ಲಿ ಹರಿಯುವ ಅದೇ ಮೀಥೇನ್. ಕಾವಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 500 ಸಿಲಿಂಡರ್. ಮನೆಗೆ ತಿಂಗಳಿಗೊಂದು ಅಂದರೆ 15,000 ಮನೆಗಳ ಅಡುಗೆ. ಒಂದೇ ಕಾರ್ಖಾನೆ! ಉಳಿದ ಗಸಿ ಮತ್ತೆ ಹೊಲಕ್ಕೆ ಗೊಬ್ಬರ.

ಹೋದ ವರ್ಷ ಒಂದು ಕಾರ್ಖಾನೆಯ ಹಿತ್ತಲಲ್ಲಿ ಈ ಗಸಿಯ ಗುಡ್ಡೆ ನೋಡಲು ಹೋಗಿದ್ದೆ. ಬೆಳಗಿನ ಎಂಟು ಗಂಟೆ, ಚಳಿ. ಗುಡ್ಡೆಯಿಂದ ಬಿಸಿ ಅನ್ನದ ತಪ್ಪಲೆ ತೆರೆದಂತೆ ಹಬೆ ಏಳುತ್ತಿತ್ತು. ನಿಂತಿದ್ದ ನಾಯಿಯೊಂದು ಅಲ್ಲೇ ಬೆಚ್ಚಗೆ ಮಲಗಿತು. ಟ್ರ್ಯಾಕ್ಟರ್ ತುಂಬಿಸುತ್ತಿದ್ದವನನ್ನು ಕೇಳಿದೆ, ಈ ಹಬೆ ಏನಪ್ಪಾ ಅಂತ. "ಏನಿಲ್ರಿ ಸಾಹೇಬ್ರ, ಸುಮ್ನ ಹೊಂಟೈತಿ" ಅಂದ. ಸುಮ್ನೆ ಹೋಗುತ್ತಿದೆ!

ಎಣಿಕೆ ಬಲ್ಲವರು ನನ್ನನ್ನು ಕಟ್ಟಿ ಹಾಕುತ್ತಾರೆ, ಗೊತ್ತು. ಕಬ್ಬು ಅರೆಯುವುದು ನಾಲ್ಕೈದು ತಿಂಗಳು. ಗಸಿ ಕೂಡಿಟ್ಟರೆ ಸತ್ವ ಇಳಿಯುತ್ತದೆ. ದೇಶದ ಗಸಿಯನ್ನೆಲ್ಲ ಹುಳಿಸಿದರೂ ಹಡಗಿನಲ್ಲಿ ಬರುವ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿನ ಮುಂದೆ ಅದು ಚಮಚದ ಲೆಕ್ಕ. ಸರಿ, ಒಪ್ಪಿದೆ. ಆದರೆ ಕಬ್ಬಿನ ರವದಿ, ಅಂದರೆ ಒಣ ಎಲೆ, ಇದೆ, ಹೊಲದಲ್ಲೇ ಬೆಂಕಿ ಇಡುತ್ತೇವೆ. ಊರ ಕಸ ಇದೆ, ಹೋಟೆಲಿನ ಎಂಜಲು ಇದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವೇ ಸತತ್ ಅಂತ ಯೋಜನೆ ತಂದು 5,000 ಘಟಕ, ವರ್ಷಕ್ಕೆ ಒಂದೂವರೆ ಕೋಟಿ ಟನ್ ಗ್ಯಾಸ್ ಅಂತ ಗುರಿ ಇಟ್ಟಿತ್ತು. 2023ರೊಳಗೆ ಆಗಬೇಕಿತ್ತು. ಆಗಿರುವುದು ನೂರಿನ್ನೂರರ ಮಟ್ಟ. ಅದು ನನ್ನ ಕನಸಲ್ಲ ಸರ್, ಸರ್ಕಾರದ ಲೆಕ್ಕ. ಈಗ ಹೊಸ ನಿಯಮ ಬಂದಿದೆ. ಪೈಪ್ ಗ್ಯಾಸ್ ಮಾರುವವರು 2025-26ರಿಂದ ಶೇ 1ರಷ್ಟು ಇಂಥ ಗ್ಯಾಸ್ ಬೆರೆಸಬೇಕು, 2028-29ಕ್ಕೆ ಶೇ 5. ಅಂದರೆ ನಿಮಗೆ ಗೊತ್ತಿಲ್ಲದೆ ನಿಮ್ಮ ಹೋಳಿಗೆಯೂ ಒಂದು ದಿನ ಸೆಗಣಿ ಗ್ಯಾಸಿನಲ್ಲಿ ಬೇಯುತ್ತದೆ.

ಇನ್ನೊಂದು ಮಾತು ಹೇಳದೆ ಬಿಡಲಾರೆ. ದೇಶದಲ್ಲಿ ಅತಿ ಹೆಚ್ಚು ಗ್ಯಾಸ್ ತಿನ್ನುವುದು ನಿಮ್ಮ ಒಲೆಯೂ ಅಲ್ಲ, ಕಾರೂ ಅಲ್ಲ, ಯೂರಿಯಾ ಕಾರ್ಖಾನೆ. ಸುಮಾರು ಶೇ 30. ಕತಾರಿನಿಂದ ಹಡಗು ಬರುತ್ತದೆ, ಯೂರಿಯಾ ಆಗುತ್ತದೆ. 45 ಕಿಲೋ ಚೀಲವನ್ನು 242 ರೂಪಾಯಿಗೆ, ಮೇಲೆ ಬೇವಿನ ಲೇಪ, ತೆರಿಗೆ ಸೇರಿಸಿ ರೈತನಿಗೆ ಕೊಡುತ್ತಾರೆ. ಉಳಿದ ಖರ್ಚು ಖಜಾನೆಯದು. ಅಗ್ಗ ಅಂತ ನಮ್ಮವರು ಕಬ್ಬಿಗೆ ಮುಷ್ಟಿ ಬದಲು ಬೊಗಸೆ ಎರಚುತ್ತಾರೆ. ಆ ಕಬ್ಬಿನ ಗಸಿಯೊಳಗಿನ ಗ್ಯಾಸನ್ನು ಗಾಳಿಗೆ ಬಿಟ್ಟು, ಮತ್ತೆ ಹಡಗಿನ ದಾರಿ ಕಾಯುತ್ತೇವೆ. 2024ರ ಫೆಬ್ರುವರಿಯಲ್ಲಿ ಕತಾರಿನ ಜೊತೆ ವರ್ಷಕ್ಕೆ 75 ಲಕ್ಷ ಟನ್ನಿನ ಕರಾರು 2048ರವರೆಗೆ ಮುಂದುವರಿಯಿತು. ಆ ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ, ಹಡಗು ಇರುತ್ತದೆ. ಆ ಹಡಗು ಹೊರಡಬೇಕಾದದ್ದು ಹೋರ್ಮುಜ್ ಎಂಬ ಸಣ್ಣ ಕಿಂಡಿಯಿಂದ. ಜಗತ್ತಿನ ದ್ರವ ಗ್ಯಾಸಿನ ಐದನೇ ಒಂದು ಪಾಲು ಅಲ್ಲೇ ನುಸುಳುತ್ತದೆ. ಯಾರೋ ಅಲ್ಲಿ ಕಣ್ಣು ಕೆಂಪಗೆ ಮಾಡಿದರೆ ಇಲ್ಲಿ ನಿಮ್ಮ ಮಗ ಪಂಪಿನಲ್ಲಿ ಗೊಣಗುತ್ತಾನೆ. ದೇಶದ ಒಟ್ಟು ಇಂಧನದಲ್ಲಿ ಗ್ಯಾಸಿನ ಪಾಲನ್ನು ಈಗಿನ ಶೇ 6ರ ಆಸುಪಾಸಿನಿಂದ 2030ಕ್ಕೆ ಶೇ 15 ಮಾಡುತ್ತೇವೆ ಅನ್ನುವ ದಿಲ್ಲಿಯವರು, ಯಾರ ಗ್ಯಾಸು ಅಂತ ಮಾತ್ರ ಜೋರಾಗಿ ಹೇಳುವುದಿಲ್ಲ.

ನಮ್ಮ ಕಡೆಯ ಹಣೆಬರಹವೇ ಇದು ಅನಿಸುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆ ಕೊಟ್ಟೆವು. ಅಲ್ಲಿ 290 ಮೆಗಾವಾಟ್ ಕರೆಂಟು ಹುಟ್ಟುತ್ತದೆ, ಈ ಉತ್ತರ ಬರೆಯುವಾಗ ನನ್ನ ಟೇಬಲ್ ಮೇಲೆ ಮೇಣದಬತ್ತಿ ಇದೆ. ಕೂಡಗಿಯಲ್ಲಿ 2,400 ಮೆಗಾವಾಟ್ ಕಲ್ಲಿದ್ದಲ ವಿದ್ಯುತ್ ಸ್ಥಾವರ, ಬೂದಿ ನಮ್ಮದು. ಸಕ್ಕರೆ ಹೊರಗೆ ಹೋಗುತ್ತದೆ, ನೊಣ ಇಲ್ಲೇ ಇರುತ್ತದೆ. ಗ್ಯಾಸ್ ಪೈಪು ನಿಮ್ಮ ಜಿಲ್ಲೆಯ ಹೊಲಗಳ ಕೆಳಗೆ ಹಾಯ್ದಿದೆ. ಹೊಲ ರೈತನದೇ, ಆದರೆ ಪೈಪಿನ ಮೇಲೆ ಮನೆ ಕಟ್ಟುವಂತಿಲ್ಲ, ಮರ ಹಚ್ಚುವಂತಿಲ್ಲ. ಬಾಗಲಕೋಟೆ–ಕುಡಚಿ ರೈಲಿನ ಬಗ್ಗೆ ಬರೆಯಲು ಹೋದರೆ ಪತ್ರಿಕೆಯ ಪುಟ ಸಾಲದು, ಅದನ್ನು ಇನ್ನೊಬ್ಬರ ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ಗೋಬರ್ ಗ್ಯಾಸ್ ನಾಲ್ಕು ಸಲ ಬರೆದೆ ಅಂದಿರಿ. ಐದು ಸಲ, ಸರ್. ಒಂದು ಸಂಚಿಕೆ ನಿಮಗೆ ತಲುಪಿಲ್ಲ ಅಂತ ಕಾಣುತ್ತದೆ, ಚಂದಾ ವಿಭಾಗಕ್ಕೆ ಹೇಳಿದ್ದೇನೆ. ಆಯಿಯ ಡ್ರಮ್ಮು ಇನ್ನೂ ಹಿತ್ತಲಲ್ಲೇ ಇದೆ, ಈಗ ಅದರಡಿ ಕೋಳಿ ಕೂರುತ್ತವೆ. ಜನವರಿಯಲ್ಲಿ ಕಬ್ಬಿನ ಸೀಸನ್ ಜೋರಿರುವಾಗ ಮಗನ ಕಾರಿನಲ್ಲಿ ಬನ್ನಿ, ಡ್ರಮ್ಮೂ ತೋರಿಸುತ್ತೇನೆ, ಗಸಿಯ ಗುಡ್ಡೆಯೂ ತೋರಿಸುತ್ತೇನೆ. ಬರುವಾಗ ಮೂಗಿಗೆ ಒಂದು ಕರವಸ್ತ್ರ ಇರಲಿ.

– ಸಂ.